ಫುಲ್ ಬೋರೋ, ರೆಡ್ಯೂಸ್ಡ್ ಬೋರೋ: ಕಾರ್ಖಾನೆಯ ಪೈಪ್‌ಲೈನಿಗೆ ಯಾವ ಬಾಲ್ ವಾಲ್ವ್?

ಹುಬ್ಬಳ್ಳಿ ವಾಲ್ವ್ ತಯಾರಿಸುವ ಊರು. ಇಲ್ಲಿ ಹುಟ್ಟಿ ಬೆಳೆದ ಮೈಕ್ರೊಫಿನಿಶ್, ಬಿಡಿಕೆ ಹೆಸರಿನ ವಾಲ್ವುಗಳು ಹೊರರಾಜ್ಯಗಳ ಕಾರ್ಖಾನೆಗಳಲ್ಲೂ ಕಾಣಸಿಗುತ್ತವೆ. ಇಷ್ಟಿದ್ದೂ ಗೋಕುಲ ರಸ್ತೆ, ತಾರಿಹಾಳ, ಧಾರವಾಡದ ಬೇಲೂರು ಕಡೆಯ ಸಣ್ಣ ಘಟಕಗಳಿಂದ ಅಂಗಡಿಗೆ ಬರುವ ಚೀಟಿಯಲ್ಲಿ ಬಹಳ ಸಲ ಇರುವುದು ಒಂದೇ ಸಾಲು: ‘ಬಾಲ್ ವಾಲ್ವ್, 2 ಇಂಚು, 12 ನಗ’. ಒಳಗಿನ ತೂತಿರುವ ಚೆಂಡನ್ನು (ಬಾಲ್) ತಿರುಗಿಸಿ ಹರಿವನ್ನು ಬಿಡುವ, ತಡೆಯುವ ವಾಲ್ವ್ ಇದು. ಆ ತೂತು ಪೈಪಿನಷ್ಟೇ ಅಗಲವಿದ್ದರೆ ಫುಲ್ ಬೋರ್, ಕಿರಿದಾಗಿದ್ದರೆ ಸಾದಾ, ಅಂದರೆ ರೆಡ್ಯೂಸ್ಡ್ ಬೋರ್. ಅಂಗಡಿಯವರು ಫೋನ್ ಮಾಡಿ, “ಸರ, ಫುಲ್ ಬೋರ್ ಕೊಡ್ಲೋ, ಸಾದಾ ಕೊಡ್ಲೋ?” ಅಂತ ಕೇಳುತ್ತಾರೆ. ಆ ಕಡೆಯಿಂದ ಬರುವ ಉತ್ತರ ಎರಡೇ. “ಯಾವ್ದು ಕಡಿಮಿ ಐತಿ ಅದನ್ನ ಕೊಡ್ರಿ” ಅನ್ನುವವರು ಒಂದು ಕಡೆ. “ಫುಲ್ ಬೋರ್ ಛಲೋ ಅಂತ, ಅದನ್ನೇ ಕೊಡ್ರಿ” ಅನ್ನುವವರು ಇನ್ನೊಂದು ಕಡೆ.

ಎರಡೂ ಉತ್ತರಗಳಲ್ಲಿ ಆ ವಾಲ್ವಿನೊಳಗೆ ಏನು ಹರಿಯುತ್ತದೆ, ಅದು ಲೈನಿನಲ್ಲಿ ಎಲ್ಲಿ ಕೂರುತ್ತದೆ ಎಂಬ ವಿಚಾರವೇ ಬಂದಿರುವುದಿಲ್ಲ. ನನ್ನ ಪ್ರಕಾರ ಆಯ್ಕೆ ನಿಂತಿರುವುದು ಈ ಎರಡರ ಮೇಲೆ. ಒಂದೇ ಕಾರ್ಖಾನೆಯ ಒಂದೇ ಲೈನಿನಲ್ಲಿ ಪಂಪಿನ ಈಚೆ ಫುಲ್ ಬೋರ್, ಆಚೆ ರೆಡ್ಯೂಸ್ಡ್ ಬೋರ್ ಹಾಕುವುದು ಪೂರ್ತಿ ಸರಿಯಾದ ನಿರ್ಧಾರ ಆಗಬಹುದು. ಅದು ಹೇಗೆ ಎಂಬುದನ್ನು ಲೆಕ್ಕದ ಸಮೇತ ನೋಡೋಣ.

ಎರಡರ ನಡುವಿನ ವ್ಯತ್ಯಾಸ

ಎರಡು ಇಂಚಿನ ಎರಡು ಬಾಲ್ ವಾಲ್ವುಗಳನ್ನು ಕೌಂಟರಿನ ಮೇಲೆ ಅಕ್ಕಪಕ್ಕ ಇಟ್ಟರೆ ಹೊರಗಿನಿಂದ ಥ್ರೆಡ್ ಒಂದೇ, ಫ್ಲೇಂಜ್ ಆದರೆ ಅದರ ತೂತುಗಳೂ ಒಂದೇ. ಹ್ಯಾಂಡಲನ್ನು ಪೂರ್ತಿ ತೆರೆದು ಬೆಳಕಿಗೆ ಹಿಡಿದು ಒಳಗೆ ನೋಡಿ. ಒಂದರಲ್ಲಿ ಈ ತುದಿಯಿಂದ ಆ ತುದಿಯವರೆಗೆ ಹೆಚ್ಚುಕಡಿಮೆ ಒಂದೇ ಅಗಲದ ನೇರ ಕೊಳವೆ ಕಾಣುತ್ತದೆ. ಇನ್ನೊಂದರಲ್ಲಿ ಬಾಯಿ ಅಗಲವಿದ್ದರೂ ನಡುವೆ ಬಾಲಿನ ತೂತು ಕಿರಿದಾಗಿ, ಸುತ್ತಲೂ ಲೋಹದ ಒಂದು ಉಂಗುರ ಕಾಣಿಸುತ್ತದೆ. ವರ್ನಿಯರ್ ಹಿಡಿದರೆ ಮೊದಲನೆಯದು ಸುಮಾರು 50 ಮಿ.ಮೀ., ಎರಡನೆಯದು ಸುಮಾರು 38 ಮಿ.ಮೀ.

ಮೊದಲನೆಯದನ್ನು ಫುಲ್ ಬೋರ್ ಅಥವಾ ಫುಲ್ ಪೋರ್ಟ್ ಅನ್ನುತ್ತಾರೆ. ಎರಡನೆಯದಕ್ಕೆ ರೆಡ್ಯೂಸ್ಡ್ ಬೋರ್, ರೆಗ್ಯುಲರ್ ಪೋರ್ಟ್, ಸ್ಟ್ಯಾಂಡರ್ಡ್ ಪೋರ್ಟ್ ಎಂದು ಕ್ಯಾಟಲಾಗಿಗೊಂದು ಹೆಸರು. ಸಾಮಾನ್ಯ ಅಳತೆಗಳಲ್ಲಿ ರೆಡ್ಯೂಸ್ಡ್ ಬೋರ್ ಎಂದರೆ ಪೈಪಿಗಿಂತ ಒಂದು ಸೈಜ್ ಕಡಿಮೆ ತೂತು: ಎರಡು ಇಂಚಿನ ವಾಲ್ವಿನಲ್ಲಿ ಒಂದೂವರೆ ಇಂಚಿನ ಬಾಲ್, ನಾಲ್ಕು ಇಂಚಿನದರಲ್ಲಿ ಮೂರು ಇಂಚಿನ ಬಾಲ್. ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯಾದ ಎಪಿಐ ಪೈಪ್‌ಲೈನ್ ವಾಲ್ವುಗಳಿಗೆ ಮಾಡಿರುವ 6ಡಿ ಮಾನದಂಡದ ಪ್ರಕಾರ 12 ಇಂಚಿನವರೆಗೆ ಒಂದು ಸೈಜ್ ಇಳಿಕೆ, 14ರಿಂದ 24 ಇಂಚಿನವರೆಗೆ ಎರಡು ಸೈಜ್ ಇಳಿಕೆ. ಅಂದರೆ 16 ಇಂಚಿನ ರೆಡ್ಯೂಸ್ಡ್ ಬೋರ್ ವಾಲ್ವಿನ ಒಳಗೆ ಇರುವುದು 12 ಇಂಚಿನ ದಾರಿ. ದೊಡ್ಡ ಸೈಜಿನಲ್ಲಿ ಆರ್ಡರ್ ಕೊಡುವವರು ಇದನ್ನು ಮರೆಯಬಾರದು.

ಸಿಂಗಲ್ ಪೀಸ್ ಬಾಲ್ ವಾಲ್ವ್ ಸಾಮಾನ್ಯವಾಗಿ ರೆಡ್ಯೂಸ್ಡ್ ಬೋರೇ ಆಗಿರುತ್ತದೆ, ಏಕೆಂದರೆ ಬಾಲನ್ನು ತುದಿಯ ಬಾಯಿಯಿಂದಲೇ ಒಳಗೆ ತೂರಿಸಬೇಕು. ಥ್ರೀ ಪೀಸ್ ಬಹುಪಾಲು ಫುಲ್ ಬೋರ್. ಗೊಂದಲ ಆಗುವುದು ಟೂ ಪೀಸಿನಲ್ಲಿ, ಅದು ಎರಡೂ ಬಗೆಯಲ್ಲಿ ಬರುತ್ತದೆ.

ಹನ್ನೆರಡು ಮಿ.ಮೀ. ಸಣ್ಣ ವ್ಯತ್ಯಾಸದಂತೆ ಕಂಡರೂ ಕ್ಷೇತ್ರಫಲದ ಲೆಕ್ಕ ಬೇರೆ. 50 ಮಿ.ಮೀ. ತೂತಿಗೆ ಹೋಲಿಸಿದರೆ 38 ಮಿ.ಮೀ. ತೂತಿನ ಕ್ಷೇತ್ರ ಶೇ. 58ರಷ್ಟು ಮಾತ್ರ. ಅಷ್ಟೇ ನೀರು ಆ ಕಿರಿದಾದ ಜಾಗದಲ್ಲಿ ಹಾಯಲು ಮುಕ್ಕಾಲು ಪಾಲು ಹೆಚ್ಚು ವೇಗದಲ್ಲಿ ಓಡಬೇಕು. ಆಚೆ ಬಂದ ಮೇಲೆ ಮತ್ತೆ ಅಗಲವಾಗಿ ಹರಡಿಕೊಳ್ಳುವಾಗ ಸುಳಿ ಎದ್ದು ಒತ್ತಡದ ಒಂದಿಷ್ಟು ಭಾಗ ಹಾಳಾಗುತ್ತದೆ.

ಒತ್ತಡದ ನಷ್ಟ ಎಷ್ಟು ದೊಡ್ಡದು?

ಈ ನಷ್ಟವನ್ನು ಅಳೆಯಲು ಕ್ಯಾಟಲಾಗಿನಲ್ಲಿ ಸಿವಿ ಅಥವಾ ಕೆವಿ ಎಂಬ ಅಂಕಿ ಕೊಟ್ಟಿರುತ್ತಾರೆ. ವಾಲ್ವಿನ ಎರಡು ಬದಿಗಳ ನಡುವೆ 1 ಬಾರ್ ವ್ಯತ್ಯಾಸವಿದ್ದಾಗ ಗಂಟೆಗೆ ಎಷ್ಟು ಘನ ಮೀಟರ್ ನೀರು ಹಾಯುತ್ತದೆ ಎಂಬುದು ಕೆವಿ. ಸಿವಿ ಅಂದರೆ ಅದೇ ವಿಚಾರ ಅಮೆರಿಕದ ಗ್ಯಾಲನ್ ಮತ್ತು ಪಿಎಸ್‌ಐ ಲೆಕ್ಕದಲ್ಲಿ. ಸಿವಿಯನ್ನು 0.865ರಿಂದ ಗುಣಿಸಿದರೆ ಕೆವಿ ಬರುತ್ತದೆ. ಎರಡು ಇಂಚಿನ ಫುಲ್ ಬೋರ್ ಬಾಲ್ ವಾಲ್ವಿನ ಸಿವಿ ಸಾಮಾನ್ಯವಾಗಿ 400ರಿಂದ 500ರ ನಡುವೆ, ರೆಡ್ಯೂಸ್ಡ್ ಬೋರಿನದು 100ರ ಆಸುಪಾಸು. ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ, ಆದರೆ ಸ್ಥೂಲವಾಗಿ ನಾಲ್ಕು ಪಟ್ಟಿನ ಅಂತರ ಎನ್ನಬಹುದು.

“ನಾಲ್ಕು ಪಟ್ಟು!” ಅಂದ ತಕ್ಷಣ ಫುಲ್ ಬೋರ್ ಕಡೆ ವಾಲಬೇಡಿ. ಆ ಅಂಕಿ ನಿಮ್ಮ ಲೈನಿನಲ್ಲಿ ಎಷ್ಟು ನಷ್ಟ ತರುತ್ತದೆ ಎಂದು ನೋಡಬೇಕು. ಕೂಲಿಂಗ್ ಟವರಿನಿಂದ ಯಂತ್ರಗಳಿಗೆ ಗಂಟೆಗೆ 15 ಘನ ಮೀಟರ್ ನೀರು ಕಳಿಸುವ ಎರಡು ಇಂಚಿನ ಡೆಲಿವರಿ ಲೈನ್ (ಪಂಪಿನಿಂದ ಹೊರಡುವ ಲೈನ್) ಇದೆ ಎನ್ನಿ. ಉಕ್ಕಿನ ಪೈಪುಗಳ ಭಾರತೀಯ ಮಾನದಂಡ ಐಎಸ್ 1239ರ ಮೀಡಿಯಂ ಪೈಪಾದರೆ ಒಳವ್ಯಾಸ ಸುಮಾರು 53 ಮಿ.ಮೀ., ನೀರಿನ ವೇಗ ಸೆಕೆಂಡಿಗೆ 1.9 ಮೀಟರ್. ಸಿವಿ 110 ಇರುವ ರೆಡ್ಯೂಸ್ಡ್ ಬೋರ್ ವಾಲ್ವ್ ಇಲ್ಲಿ ತಿನ್ನುವ ಹೆಡ್, ಅಂದರೆ ನೀರಿನ ಎತ್ತರದಲ್ಲಿ ಅಳೆದ ಒತ್ತಡ, ಸುಮಾರು 25 ಸೆಂಟಿಮೀಟರ್. ಸಿವಿ 450ರ ಫುಲ್ ಬೋರ್ ತಿನ್ನುವುದು ಒಂದೂವರೆ ಸೆಂಟಿಮೀಟರ್. ಅದೇ ಲೈನಿನ ಪ್ರತಿ ಮೀಟರ್ ಪೈಪು ಏಳೂವರೆ ಸೆಂಟಿಮೀಟರ್ ತಿನ್ನುತ್ತದೆ. ಅಂದರೆ ಒಂದು ರೆಡ್ಯೂಸ್ಡ್ ಬೋರ್ ವಾಲ್ವ್ ಸುಮಾರು ಮೂರೂ ಕಾಲು ಮೀಟರ್ ಪೈಪಿಗೆ, ಇಲ್ಲವೇ ಎರಡು ಎಲ್ಬೋಗಳಿಗೆ ಸಮ. ಎರಡು ಎಲ್ಬೋ ಹೆಚ್ಚಾದವೆಂದು ಯಾರೂ ಡ್ರಾಯಿಂಗ್ ಬದಲಿಸುವುದಿಲ್ಲ.

ಇದನ್ನು ಕರೆಂಟಿಗೆ ತಿರುಗಿಸೋಣ. ಪಂಪು, ಮೋಟರ್ ಎರಡೂ ಸೇರಿ ಅರ್ಧದಷ್ಟು ದಕ್ಷತೆ ಎಂದು ಹಿಡಿದರೆ ಆ 25 ಸೆಂಟಿಮೀಟರಿಗೆ ಖರ್ಚಾಗುವುದು 20 ವ್ಯಾಟ್. ದಿನಕ್ಕೆ 8 ಗಂಟೆಯಂತೆ ವರ್ಷಕ್ಕೆ 300 ದಿನ ಓಡಿಸಿದರೆ 48 ಯೂನಿಟ್. ಹೆಸ್ಕಾಂ ಬಿಲ್ಲಿನಲ್ಲಿ ಇದು ಕಣ್ಣಿಗೇ ಬೀಳುವುದಿಲ್ಲ. ಅದೇ ಲೈನನ್ನು ಎರಡರ ಬದಲು ಎರಡೂವರೆ ಇಂಚಿನ ಪೈಪಿನಲ್ಲಿ ಹಾಕಿದ್ದರೆ 50 ಮೀಟರ್ ಉದ್ದಕ್ಕೆ ಸುಮಾರು 2.8 ಮೀಟರ್ ಹೆಡ್ ಉಳಿಯುತ್ತಿತ್ತು, ವರ್ಷಕ್ಕೆ 550 ಯೂನಿಟ್ ಹತ್ತಿರ. ಕರೆಂಟ್ ಉಳಿಸುವ ಉದ್ದೇಶದಿಂದ ಡೆಲಿವರಿ ಲೈನಿಗೆ ಫುಲ್ ಬೋರ್ ಕೊಳ್ಳುವವರು ಮೊದಲು ಪೈಪಿನ ಸೈಜ್ ನೋಡಲಿ.

ಆದರೆ ಎರಡು ಮಾತು ಗಮನದಲ್ಲಿರಲಿ. ಒಂದರ ಹಿಂದೆ ಒಂದರಂತೆ ಆರು ವಾಲ್ವುಗಳಿದ್ದರೆ ನಷ್ಟ ಒಂದೂವರೆ ಮೀಟರಿಗೆ ಏರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಮತ್ತೆ ನಷ್ಟ ಏರುವುದು ವೇಗದ ವರ್ಗಕ್ಕೆ ತಕ್ಕಂತೆ. ಹರಿವು ಅರ್ಧವಾದರೆ ನಷ್ಟ ಕಾಲು ಭಾಗವಾಗುತ್ತದೆ, ದುಪ್ಪಟ್ಟಾದರೆ ನಾಲ್ಕು ಪಟ್ಟು. ಹಾಗಾಗಿ ನಾನು ಇಟ್ಟುಕೊಂಡಿರುವ ಲೆಕ್ಕ ಇದು: ಡೆಲಿವರಿ ಲೈನಿನಲ್ಲಿ ನೀರಿನ ವೇಗ ಸೆಕೆಂಡಿಗೆ 1.2 ಮೀಟರಿಗಿಂತ ಕಡಿಮೆ ಇದ್ದರೆ ರೆಡ್ಯೂಸ್ಡ್ ಬೋರ್ ಹಾಕಿ ಮುಂದಿನ ಕೆಲಸ ನೋಡಿ. 2 ಮೀಟರ್ ದಾಟಿದರೆ ಕಾಗದ, ಪೆನ್ನು ಹಿಡಿಯಿರಿ.

ಸಕ್ಷನ್ ಕಡೆಯ ಮಾತು ಬೇರೆ

ಡೆಲಿವರಿಯಲ್ಲಿ ಯಾರೂ ಲೆಕ್ಕಿಸದ 25 ಸೆಂಟಿಮೀಟರ್, ಪಂಪಿನ ಸಕ್ಷನ್ ಕಡೆ, ಅಂದರೆ ನೀರು ಪಂಪಿನೊಳಗೆ ಬರುವ ಕಡೆ, ಬಂದರೆ ಪಂಪನ್ನೇ ತಿನ್ನಬಹುದು. ಡೆಲಿವರಿಗೆ ಪಂಪಿನ ಬಲ ಬೆನ್ನಿಗಿದೆ. ಸಕ್ಷನ್ನಿಗೆ ಇರುವುದು ವಾತಾವರಣದ ಒತ್ತಡ ಮತ್ತು ಟ್ಯಾಂಕಿನ ಎತ್ತರ, ಇಷ್ಟೇ ಬಂಡವಾಳ.

ಆ ಬಂಡವಾಳ ನಮ್ಮ ಭಾಗದಲ್ಲಿ ಸ್ವಲ್ಪ ಕಡಿಮೆಯೇ. ಹುಬ್ಬಳ್ಳಿ, ಗದಗ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿವೆ. ಸಮುದ್ರದಂಡೆಯಲ್ಲಿ ವಾತಾವರಣದ ಒತ್ತಡ 10.3 ಮೀಟರ್ ನೀರಿನಷ್ಟಿದ್ದರೆ ಇಲ್ಲಿ ಸುಮಾರು 9.6 ಮೀಟರ್. ನೀರೂ ಇಲ್ಲಿ 100 ಡಿಗ್ರಿಯವರೆಗೆ ಕಾಯುವುದಿಲ್ಲ, 98ರ ಆಸುಪಾಸಿನಲ್ಲೇ ಕುದಿಯುತ್ತದೆ. ಮುಂಬೈಯಲ್ಲೋ ಮಂಗಳೂರಿನಲ್ಲೋ ಚೆನ್ನಾಗಿ ನಡೆಯುತ್ತಿದ್ದ ಪಂಪಿಂಗ್ ವ್ಯವಸ್ಥೆಯ ಡ್ರಾಯಿಂಗನ್ನು ಇಲ್ಲಿಗೆ ಹಾಗೆಯೇ ಇಳಿಸುವವರು ಈ ಮುಕ್ಕಾಲು ಮೀಟರನ್ನು ಮರೆಯುತ್ತಾರೆ.

ಬಾಯ್ಲರ್ ಫೀಡ್ ಪಂಪನ್ನೇ ತೆಗೆದುಕೊಳ್ಳಿ. ಕಂಡೆನ್ಸೇಟ್ (ತಣಿದು ನೀರಾದ ಉಗಿ) ವಾಪಸ್ ಬಂದು ಫೀಡ್ ಟ್ಯಾಂಕಿನ ನೀರು 95 ಡಿಗ್ರಿಯಲ್ಲಿದೆ. ಟ್ಯಾಂಕಿನ ನೀರಿನ ಮಟ್ಟ ಪಂಪಿಗಿಂತ ಎರಡೂವರೆ ಮೀಟರ್ ಮೇಲಿದೆ. ಆ ಬಿಸಿಯಲ್ಲಿ ವಾತಾವರಣದ ಒತ್ತಡದ ಬಹುಪಾಲನ್ನು ನೀರಿನ ಆವಿಯೇ ನುಂಗಿಬಿಡುತ್ತದೆ, ಉಳಿಯುವುದು ಒಂದು ಮೀಟರ್. ಟ್ಯಾಂಕಿನ ಎತ್ತರ ಸೇರಿ ಮೂರೂವರೆ. ಸ್ಟ್ರೇನರ್, ಬೆಂಡ್, ಪೈಪು ಸೇರಿ 60 ಸೆಂಟಿಮೀಟರ್ ಹೋಯಿತು ಎನ್ನಿ, ಉಳಿದದ್ದು 2.9. ಪಂಪಿನವರು ಕೇಳುವ ಕನಿಷ್ಠ ಸಕ್ಷನ್ ಹೆಡ್ 2.5 ಮೀಟರ್ ಇದ್ದರೆ ಕೈಯಲ್ಲಿರುವ ಅಂತರ 40 ಸೆಂಟಿಮೀಟರ್. ಇಲ್ಲಿ ರೆಡ್ಯೂಸ್ಡ್ ಬೋರ್ ವಾಲ್ವ್ ಹಾಕಿ ಅದರಲ್ಲಿ 25 ಸೆಂಟಿಮೀಟರ್ ಕಳೆದರೆ, ಸ್ಟ್ರೇನರಿನಲ್ಲಿ ಒಂದಿಷ್ಟು ತುಕ್ಕು ಕೂತ ದಿನ ಪಂಪಿನೊಳಗೆ ಆವಿಯ ಗುಳ್ಳೆ ಎದ್ದು ಒಡೆಯಲು ಶುರುವಾಗುತ್ತದೆ. ಪಂಪಿನೊಳಗೆ ಕಡಿ ಓಡಾಡಿದಂಥ ಸದ್ದು ಬರುತ್ತದೆ, ಇಂಪೆಲ್ಲರಿನ ಮೇಲೆ ಗುಳಿ ಬೀಳುತ್ತವೆ, ಮೆಕ್ಯಾನಿಕಲ್ ಸೀಲ್ ಪದೇ ಪದೇ ಹೋಗುತ್ತದೆ. ಪಂಪಿನವರನ್ನು ಕರೆಸಿ ಬೈಯುತ್ತಾರೆ, ವಾಲ್ವನ್ನು ಯಾರೂ ಅನುಮಾನಿಸುವುದಿಲ್ಲ.

ಪಂಪಿನ ಸಕ್ಷನ್ ಬದಿಯಲ್ಲಿ ವಾಲ್ವ್ ಬೇಕೆಂದಾದರೆ ಅದು ಫುಲ್ ಬೋರೇ ಆಗಿರಲಿ. ಈ ಒಂದು ಜಾಗದಲ್ಲಿ ಬೆಲೆಯ ಚೌಕಾಸಿ ಬೇಡ. ಪೈಪೂ ಪಂಪಿನ ಬಾಯಿಗಿಂತ ಒಂದು ಸೈಜ್ ದೊಡ್ಡದಿದ್ದರೆ ಇನ್ನೂ ಒಳ್ಳೆಯದು.

ಪಂಪಿಲ್ಲದೆ ಬರೀ ಇಳಿಜಾರಿನ ಮೇಲೆ ಹರಿಯುವ ಲೈನುಗಳಿಗೂ ಇದೇ ನ್ಯಾಯ. ಮೇಲಿನ ಟ್ಯಾಂಕಿಗೂ ಕೆಳಗಿನ ತೊಟ್ಟಿಗೂ ಒಂದು ಮೀಟರ್ ಮಾತ್ರ ಅಂತರವಿದ್ದರೆ, 25 ಸೆಂಟಿಮೀಟರ್ ಎಂದರೆ ಬಂಡವಾಳದ ಕಾಲು ಭಾಗ.

ನೆಲದ ಹೊಸ್ತಿಲು

ಒತ್ತಡದ ಲೆಕ್ಕವನ್ನು ಕ್ಯಾಟಲಾಗ್ ಓದಿದವರೆಲ್ಲ ಹೇಳುತ್ತಾರೆ. ಅದರಲ್ಲಿ ಬರೆದಿರದ, ನನಗೆ ಅದಕ್ಕಿಂತ ಮುಖ್ಯವೆನಿಸುವ ಸಂಗತಿ ಇನ್ನೊಂದಿದೆ. ಅಡ್ಡ ಮಲಗಿದ ಪೈಪಿನಲ್ಲಿ ರೆಡ್ಯೂಸ್ಡ್ ಬೋರ್ ವಾಲ್ವ್ ಕೂತಾಗ ಬಾಲಿನ ತೂತಿನ ಕೆಳಅಂಚು ಪೈಪಿನ ತಳಕ್ಕಿಂತ ಮೇಲೆ ನಿಲ್ಲುತ್ತದೆ. 53 ಮಿ.ಮೀ. ಪೈಪಿನ ನಡುವೆ 38 ಮಿ.ಮೀ. ತೂತು ಎಂದರೆ ತಳದಲ್ಲಿ ಏಳೂವರೆ ಮಿ.ಮೀ. ಎತ್ತರದ ಒಂದು ಹೊಸ್ತಿಲು. ಫುಲ್ ಬೋರಿನಲ್ಲಿ ಅದು ಒಂದೂವರೆ ಮಿ.ಮೀ. ಮಾತ್ರ.

ಆ ಹೊಸ್ತಿಲಿನ ಹಿಂದೆ ಏನು ನಿಲ್ಲುತ್ತದೆ ಎಂಬುದು ನಿಮ್ಮ ಲೈನಿನಲ್ಲಿ ಹರಿಯುವ ವಸ್ತುವಿನ ಮೇಲೆ ಹೋಗುತ್ತದೆ. ನಮ್ಮದು ಎರೆ ಭೂಮಿ. ಮಳೆಗಾಲದಲ್ಲಿ ಕೆರೆ, ಹಳ್ಳದಿಂದ ಎತ್ತಿದ ಕಚ್ಚಾ ನೀರಿನಲ್ಲಿ ಎರೆಮಣ್ಣಿನ ಸಣ್ಣ ಕಣಗಳು ತುಂಬಿರುತ್ತವೆ. ಪಂಪ್ ನಿಂತಾಗ ಅವು ಕೆಳಗಿಳಿದು ಹೊಸ್ತಿಲಿನ ಹಿಂದೆ ಕೂರುತ್ತವೆ, ಒಣಗಿದರೆ ಗಟ್ಟಿ ಕಟ್ಟುತ್ತವೆ. ಗದಗ, ರಾಣೆಬೆನ್ನೂರು ಕಡೆಯ ಎಣ್ಣೆ ಗಿರಣಿಗಳಲ್ಲಿ ಶೇಂಗಾ, ಹತ್ತಿಕಾಳಿನ ಕಚ್ಚಾ ಎಣ್ಣೆಯ ಜೊತೆ ಬರುವ ಅಂಟು ಗಸಿ ಹೀಗೆಯೇ ನಿಲ್ಲುತ್ತದೆ. ಸಕ್ಕರೆ ಕಾರ್ಖಾನೆಯ ಕಾಕಂಬಿಯೂ ಹಾಗೆಯೇ. ಬ್ಯಾಡಗಿ ಮೆಣಸಿನಕಾಯಿಯಿಂದ ತೆಗೆದ ಸಾರವಾದ ಓಲಿಯೊರೆಸಿನ್ ಅಂತೂ ಜಿಗುಟಿಗೆ ಹೆಸರಾದದ್ದು. ಲೈನ್ ಖಾಲಿ ಮಾಡಿದೆವು ಎಂದುಕೊಂಡರೂ ಪ್ರತಿ ವಾಲ್ವಿನ ಹಿಂದೆ ಒಂದಿಷ್ಟು ಉಳಿಯುತ್ತದೆ. ಮುಂದಿನ ಬ್ಯಾಚಿಗೆ ಹಿಂದಿನ ಬ್ಯಾಚಿನ ಹಳಸಲು ಸೇರುವುದು ಹೀಗೆ.

ಇಂಥ ಲೈನುಗಳಿಗೆ ಫುಲ್ ಬೋರ್ ಹಾಕಬೇಕು. ತೊಳೆಯುವುದಕ್ಕೂ ಅದೇ ಅನುಕೂಲ. ಟ್ಯಾಂಕಿನ ತಳದ ಡ್ರೇನ್ ವಾಲ್ವ್ ಕಟ್ಟಿಕೊಂಡಾಗ ಫುಲ್ ಬೋರ್ ಆದರೆ ಪೂರ್ತಿ ತೆರೆದು ಆಚೆಯಿಂದ ಮರದ ಕೋಲೋ ನೈಲಾನ್ ರಾಡೋ ತೂರಿಸಿ ಬಿಡಿಸಬಹುದು. ಕಬ್ಬಿಣದ ಸರಳು ಮಾತ್ರ ಬೇಡ, ಬಾಲಿಗೆ ಒತ್ತಿಕೊಂಡು ಸೋರಿಕೆ ತಡೆಯುವ ಟೆಫ್ಲಾನ್ ಉಂಗುರಕ್ಕೆ, ಅಂದರೆ ಸೀಟಿಗೆ, ಒಂದು ಗೀರು ಬಿದ್ದರೂ ವಾಲ್ವ್ ಸೋರುತ್ತದೆ. ಪೈಪಿನೊಳಗೆ ಪಿಗ್ (ಒಳಗೋಡೆ ಉಜ್ಜುತ್ತ ಸಾಗುವ ಬಿರಡೆ) ಬಿಟ್ಟು ಸ್ವಚ್ಛ ಮಾಡುವ ಲೈನಾದರೆ ಫುಲ್ ಬೋರ್ ಬಿಟ್ಟು ಬೇರೆ ದಾರಿಯೇ ಇಲ್ಲ, ಕಿರಿದಾದ ಬಾಲಿನಲ್ಲಿ ಪಿಗ್ ಸಿಕ್ಕಿಕೊಳ್ಳುತ್ತದೆ.

ಉಗಿಯ ಲೈನಿನಲ್ಲಿ ಹೊಸ್ತಿಲಿನ ಕಾಟ ಇನ್ನೊಂದು ಬಗೆಯದು. ಬೆಳಿಗ್ಗೆ ತಣ್ಣನೆಯ ಲೈನಿಗೆ ಉಗಿ ಬಿಟ್ಟಾಗ ನೀರಾದ ಉಗಿ ತಳದಲ್ಲಿ ಹರಿದು ಹೊಸ್ತಿಲಿನ ಹಿಂದೆ ನಿಲ್ಲುತ್ತದೆ. ಹಿಂದಿನಿಂದ ವೇಗವಾಗಿ ಬರುವ ಉಗಿ ಆ ನೀರನ್ನು ಎತ್ತಿ ಮುಂದಿನ ಬೆಂಡಿಗೆ ಹೊಡೆಯುತ್ತದೆ. ಬಾಯ್ಲರ್ ಕೋಣೆಯಲ್ಲಿ ಬೆಳಗಿನ ‘ಢಣ್ ಢಣ್’ ಸದ್ದಿಗೆ ಇದೂ ಒಂದು ಕಾರಣ. ವಾಲ್ವಿಗೆ ಮುಂಚೆ ಆ ನೀರನ್ನು ಹಿಡಿಯುವ ಡ್ರಿಪ್ ಪಾಕೆಟ್ ಮತ್ತು ಹೊರಹಾಕುವ ಟ್ರ್ಯಾಪ್ ಇದ್ದರೆ ರೆಡ್ಯೂಸ್ಡ್ ಬೋರೂ ನಡೆಯುತ್ತದೆ. ಉಗಿಗೆ ಬಾಲ್ ವಾಲ್ವ್ ಹಾಕುವಾಗ ಬೋರಿಗಿಂತ ಮೊದಲು ಸೀಟ್ ಯಾವುದೆಂದು ಕೇಳಿ. ಸಾದಾ ಟೆಫ್ಲಾನ್ ಸೀಟ್ ಬಿಸಿ ಏರಿದಂತೆ ಒತ್ತಡ ತಡೆಯುವ ಶಕ್ತಿ ಕಳೆದುಕೊಳ್ಳುತ್ತದೆ, 200 ಡಿಗ್ರಿ ಹತ್ತಿರ ಬಂದರೆ ಅದರ ಭರವಸೆ ಇಲ್ಲ. ಬಾಯ್ಲರಿಗೆ ಸೇರಿದ ಲೈನಾದರೆ ಐಬಿಆರ್ (ಭಾರತೀಯ ಬಾಯ್ಲರ್ ನಿಯಮಾವಳಿ) ಪ್ರಮಾಣಪತ್ರವಿರುವ ವಾಲ್ವೇ ಬೇಕು, ಅದು ಕಾನೂನಿನ ಮಾತು.

ರೆಡ್ಯೂಸ್ಡ್ ಬೋರ್ ಧಾರಾಳವಾಗಿ ಸಾಕಾಗುವ ಜಾಗಗಳು

ಫುಲ್ ಬೋರ್ ಅಷ್ಟು ಒಳ್ಳೆಯದಾದರೆ ಎಲ್ಲ ಕಡೆ ಅದನ್ನೇ ಹಾಕಿದರೇನು ಎಂದು ಕೇಳುವವರಿದ್ದಾರೆ. ಹಾಕಬಹುದು, ಆದರೆ ಆ ದುಡ್ಡು ಇನ್ನೊಂದು ಕಡೆ ಹೆಚ್ಚು ಕೆಲಸಕ್ಕೆ ಬರುತ್ತದೆ.

ಕಂಪ್ರೆಸ್ಸರ್ ಗಾಳಿಯ ಲೈನ್ ನೋಡಿ. ಗಾಳಿ ಹಗುರ. 7 ಬಾರ್ ಒತ್ತಡದಲ್ಲಿ 60 ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ) ಗಾಳಿ ಒಂದು ಇಂಚಿನ ರೆಡ್ಯೂಸ್ಡ್ ಬೋರ್ ವಾಲ್ವಿನಲ್ಲಿ ಹಾದರೆ ಆಗುವ ನಷ್ಟ ಒಂದು ಬಾರಿನ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಅದೇ ಲೈನಿನ ಕೊನೆಯ ಕ್ವಿಕ್ ಕಪ್ಲರ್, ಸಣ್ಣ ಹೋಸ್, ಕಟ್ಟಿಕೊಂಡ ಫಿಲ್ಟರ್ ಇದರ ಎಷ್ಟೋ ಪಟ್ಟು ತಿನ್ನುತ್ತಿರುತ್ತವೆ. ಗಾಳಿಗೆ ಫುಲ್ ಬೋರ್ ಹಾಕಿ ಫಿಲ್ಟರ್ ಬದಲಿಸದೆ ಬಿಡುವುದರಲ್ಲಿ ಅರ್ಥವಿಲ್ಲ.

ಫೌಂಡ್ರಿಯ ಇಂಡಕ್ಷನ್ ಫರ್ನೇಸಿಗೆ ಹೋಗುವ ತಂಪು ನೀರಿನ ಹೆಡರಿನಿಂದ ಹತ್ತಾರು ಸಣ್ಣ ಕವಲುಗಳು ಹೊರಡುತ್ತವೆ. ಅಲ್ಲಿ ನೀರು ಶುದ್ಧ, ಪ್ರತಿ ಕವಲಿನಲ್ಲಿ ಹರಿವು ಕಡಿಮೆ. ರೆಡ್ಯೂಸ್ಡ್ ಬೋರ್ ಸಾಕು. ತೋಟದ ನಲ್ಲಿ, ಶೌಚಾಲಯದ ಲೈನ್, ಡೀಸೆಲ್ ಟ್ಯಾಂಕಿನ ಲೆವೆಲ್ ಗೇಜಿನ ವಾಲ್ವ್, ವರ್ಷಕ್ಕೊಮ್ಮೆ ಬಳಸುವ ಬೈಪಾಸ್, ಇವುಗಳ ಬಗ್ಗೆ ಚರ್ಚೆಯೇ ಬೇಡ.

ಆಟೋಮ್ಯಾಟಿಕ್ ವಾಲ್ವಿನ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ಬಾಲ್ ದೊಡ್ಡದಾದಷ್ಟೂ ಅದನ್ನು ತಿರುಗಿಸಲು ಬೇಕಾದ ಬಲ ಬಹಳ ಬೇಗ ಏರುತ್ತದೆ. ಸೀಟಿನ ಕ್ಷೇತ್ರ ಹೆಚ್ಚುತ್ತದೆ, ತಿರುಗಿಸುವ ತ್ರಿಜ್ಯವೂ ಹೆಚ್ಚುತ್ತದೆ, ಹೀಗಾಗಿ ಸ್ಥೂಲವಾಗಿ ವ್ಯಾಸದ ಘನಕ್ಕೆ ತಕ್ಕಂತೆ ಟಾರ್ಕ್ ಏರುತ್ತದೆ. 38ರಿಂದ 50 ಮಿ.ಮೀ.ಗೆ ಹೋದರೆ ಎರಡು ಪಟ್ಟಿಗೂ ಹೆಚ್ಚು. ಆಗ ಗಾಳಿಯ ಬಲದಿಂದ ಬಾಲನ್ನು ತಿರುಗಿಸುವ ನ್ಯುಮ್ಯಾಟಿಕ್ ಆಕ್ಚುಯೇಟರೂ ದೊಡ್ಡದು ಬೇಕು, ಅದಕ್ಕೆ ಹೆಚ್ಚು ಗಾಳಿ ಬೇಕು, ಲೈನಿಗೆ ಆಸರೆಯಾಗಿ ಇನ್ನೊಂದು ಸಪೋರ್ಟ್ ಬೇಕು. ವಾಲ್ವಿಗಿಂತ ಆಕ್ಚುಯೇಟರಿನ ಬೆಲೆಯೇ ಹೆಚ್ಚಾಗುವ ಜಾಗ ಇದು. ಹತ್ತಿಪ್ಪತ್ತು ಆಟೋಮ್ಯಾಟಿಕ್ ವಾಲ್ವುಗಳ ಪ್ರಾಜೆಕ್ಟ್ ಇದ್ದರೆ ಎರಡೂ ಬಗೆಗೆ ಆಕ್ಚುಯೇಟರ್ ಸಮೇತ ಕೊಟೇಶನ್ ತರಿಸಿ ನೋಡಿ. ಶುದ್ಧ ನೀರು, ಗಾಳಿ, ತೆಳು ದ್ರವಗಳಿಗೆ ರೆಡ್ಯೂಸ್ಡ್ ಬೋರ್ ಗೆಲ್ಲುವುದು ಇಲ್ಲಿಯೇ.

ಹರಿವನ್ನು ಹೆಚ್ಚುಕಡಿಮೆ ಮಾಡುವ ಉದ್ದೇಶವಿದ್ದರೆ ಎರಡೂ ಬೇಡ. ಅರ್ಧ ತೆರೆದಿಟ್ಟ ಬಾಲ್ ವಾಲ್ವಿನಲ್ಲಿ ನೀರು ಸೀಟಿನ ಒಂದೇ ಅಂಚನ್ನು ಕೊರೆಯುತ್ತಾ ಹೋಗುತ್ತದೆ. ಫುಲ್ ಬೋರಿನಲ್ಲಿ ನಿಯಂತ್ರಣ ಇನ್ನೂ ಒರಟು: ಹ್ಯಾಂಡಲ್ ಅರ್ಧ ದಾಟಿದ ಮೇಲೆ ಹರಿವು ಬದಲಾದದ್ದೇ ಗೊತ್ತಾಗುವುದಿಲ್ಲ. ಆ ಕೆಲಸಕ್ಕೆ ಗ್ಲೋಬ್ ವಾಲ್ವ್ ಇದೆ. ಬಾಲ್ ವಾಲ್ವ್ ಯಾವುದೇ ಇರಲಿ, ಒಂದೇ ಏಟಿಗೆ ಹ್ಯಾಂಡಲ್ ಎಳೆದು ಮುಚ್ಚುವ ಅಭ್ಯಾಸವನ್ನು ಆಪರೇಟರುಗಳಿಗೆ ಬಿಡಿಸಿ. ಸೆಕೆಂಡಿಗೆ 1.9 ಮೀಟರ್ ಓಡುತ್ತಿರುವ ನೀರನ್ನು ಉಕ್ಕಿನ ಪೈಪಿನಲ್ಲಿ ಒಮ್ಮೆಲೇ ತಡೆದರೆ ಸುಮಾರು 25 ಬಾರ್‌ನಷ್ಟು ಹೆಚ್ಚುವರಿ ಒತ್ತಡ ಏಳಬಹುದು. ಗ್ಯಾಸ್ಕೆಟ್ ಹಾರಲು ಅಷ್ಟು ಸಾಕು.

ಪ್ರಾಣದ ಪ್ರಶ್ನೆ ಇರುವ ಜಾಗ

ಪ್ರೆಶರ್ ವೆಸೆಲ್ಲಿನ ಮೇಲಿನ ಸೇಫ್ಟಿ ರಿಲೀಫ್ ವಾಲ್ವಿನ ಕೆಳಗೆ, ಅದನ್ನು ಬಿಚ್ಚಿ ಪರೀಕ್ಷೆಗೆ ಕಳಿಸಲು ಅನುಕೂಲವೆಂದು ಕೆಲವು ಕಡೆ ಐಸೊಲೇಶನ್ ವಾಲ್ವ್ ಹಾಕಿರುತ್ತಾರೆ. ಆ ವಾಲ್ವ್ ಫುಲ್ ಬೋರ್ ಆಗಿರಲೇಬೇಕು ಮತ್ತು ತೆರೆದ ಸ್ಥಿತಿಯಲ್ಲಿ ಬೀಗ ಹಾಕಿರಬೇಕು. ಎಪಿಐ 520ರ ಪ್ರಕಾರ ವೆಸೆಲ್ಲಿನಿಂದ ಸೇಫ್ಟಿ ವಾಲ್ವಿನವರೆಗಿನ ಒತ್ತಡದ ನಷ್ಟ ಸೆಟ್ ಒತ್ತಡದ ಶೇ. 3ನ್ನು ಮೀರಬಾರದು. ಕಿರಿದಾದ ಬೋರ್ ಹಾಕಿದರೆ ಸೇಫ್ಟಿ ವಾಲ್ವ್ ಬಾಯಿ ತೆರೆದ ಕೂಡಲೇ ಒಳಹರಿವಿನ ಒತ್ತಡ ಕುಸಿದು ಅದು ಮುಚ್ಚುತ್ತದೆ, ಮತ್ತೆ ಒತ್ತಡ ಏರಿ ತೆರೆಯುತ್ತದೆ, ಹೀಗೆ ಪಟಪಟ ಬಡಿದುಕೊಳ್ಳುತ್ತದೆ. ಬೇಕಾದಷ್ಟು ಉಗಿಯೋ ಗಾಳಿಯೋ ಹೊರಗೆ ಹೋಗುವುದಿಲ್ಲ. ಬಾಯ್ಲರಿಗೂ ಅದರ ಸೇಫ್ಟಿ ವಾಲ್ವಿಗೂ ನಡುವೆಯಂತೂ ಯಾವ ವಾಲ್ವೂ ಇರಕೂಡದು, ಫುಲ್ ಬೋರೂ ಇಲ್ಲ, ಬೇರೆಯದೂ ಇಲ್ಲ.

ಹೆಕ್ಸೇನಿನಂಥ ಸಾಲ್ವೆಂಟ್ ಓಡುವ ಎಕ್ಸ್‌ಟ್ರಾಕ್ಷನ್ ಘಟಕಗಳಲ್ಲಿ ಬೋರಿನ ಪ್ರಶ್ನೆ ಎರಡನೆಯದು. ಅಲ್ಲಿ ಮೊದಲು ಕೇಳಬೇಕಾದದ್ದು ವಾಲ್ವ್ ಫೈರ್ ಸೇಫ್ (ಬೆಂಕಿ ತಾಗಿದರೂ ಹೆಚ್ಚು ಸೋರದ) ಪರೀಕ್ಷೆಯಲ್ಲಿ ಪಾಸಾಗಿದೆಯೇ, ಕಿಡಿ ಏಳದಂತೆ ಬಾಲಿಗೂ ಬಾಡಿಗೂ ನಡುವೆ ಆ್ಯಂಟಿಸ್ಟ್ಯಾಟಿಕ್ ಸಂಪರ್ಕ ಇದೆಯೇ ಎಂದು.

ಬಾಲ್ ವಾಲ್ವೇ ಬೇಕೇ?

ಕೆಲವು ಸಲ ಫುಲ್ ಬೋರ್, ರೆಡ್ಯೂಸ್ಡ್ ಬೋರ್ ಚರ್ಚೆ ಶುರುವಾಗುವುದೇ ತಪ್ಪು ಜಾಗದಲ್ಲಿ. ಕಾಗದದ ತಿರುಳು, ಮರಳು ಬೆರೆತ ಕೆಸರು ಓಡುವ ಲೈನಿಗೆ ಬಾಲ್ ವಾಲ್ವ್ ಫುಲ್ ಬೋರ್ ಆದರೂ ಹೊಂದುವುದಿಲ್ಲ. ಬಾಲಿನ ಹಿಂದಿನ ಪೊಳ್ಳಿನಲ್ಲಿ ಕೆಸರು ತುಂಬಿ ಹ್ಯಾಂಡಲ್ ಬಿಗಿಯುತ್ತದೆ. ಅಲ್ಲಿ ನೈಫ್ ಗೇಟ್, ಪಿಂಚ್ ಅಥವಾ ಡಯಾಫ್ರಾಮ್ ವಾಲ್ವ್ ನೋಡಿ. ದೊಡ್ಡ ನೀರಿನ ಲೈನುಗಳಿಗೆ ಸ್ಲೂಸ್ ವಾಲ್ವ್ ಪೂರ್ತಿ ಬೋರ್ ಕೊಡುತ್ತದೆ, ಆದರೆ ಹಳೆಯ ಮಾದರಿಗಳಲ್ಲಿ ಗೇಟ್ ಕೂರುವ ತಳದ ತೋಡಿನಲ್ಲಿ ಹೂಳು ಕೂತು ಪೂರ್ತಿ ಮುಚ್ಚುವುದಿಲ್ಲ. ರಬ್ಬರ್ ಹೊದಿಸಿದ ಗೇಟಿನವಕ್ಕೆ ಆ ತೋಡು ಇಲ್ಲ. ಬಟರ್‌ಫ್ಲೈ ವಾಲ್ವ್ ಅಗ್ಗ, ಹಗುರ, ಆದರೆ ಅದರ ಡಿಸ್ಕ್ ಸದಾ ಹರಿವಿನ ನಡುವೆಯೇ ನಿಂತಿರುತ್ತದೆ.

ಆರ್ಡರ್ ಬರೆಯುವಾಗ

‘2 ಇಂಚು ಫುಲ್ ಬೋರ್’ ಎಂದಷ್ಟೇ ಬರೆದರೆ ಸಾಲದು. ಫುಲ್ ಬೋರ್ ಎಂಬ ಹೆಸರಿನಲ್ಲಿ 44, 45 ಮಿ.ಮೀ. ತೂತಿನವೂ ಮಾರುಕಟ್ಟೆಯಲ್ಲಿ ಸಿಗುತ್ತವೆ. ಬೋರನ್ನು ಮಿಲಿಮೀಟರಿನಲ್ಲಿ ಬರೆಯಿರಿ. ಮಾದರಿಗೆ ಹೀಗೆ: ‘ಬಾಲ್ ವಾಲ್ವ್, 50 ಎನ್‌ಬಿ (2 ಇಂಚು), ಫುಲ್ ಬೋರ್, ಬಾಲಿನ ತೂತು 49 ಮಿ.ಮೀ.ಗಿಂತ ಕಡಿಮೆ ಇರಬಾರದು, ಥ್ರೀ ಪೀಸ್, ಬಾಡಿ ಮತ್ತು ಬಾಲಿನ ಲೋಹ ಇಂಥದ್ದು, ಸೀಟ್ ಇಂಥದ್ದು, ತುದಿ ಥ್ರೆಡ್ ಅಥವಾ ಫ್ಲೇಂಜ್, ಹೈಡ್ರೊ ಟೆಸ್ಟ್ ಪ್ರಮಾಣಪತ್ರ ಸಮೇತ’. ರೆಡ್ಯೂಸ್ಡ್ ಬೋರ್ ಬೇಕಿದ್ದರೂ ಅದನ್ನೇ ಸ್ಪಷ್ಟವಾಗಿ, ‘ಬೋರ್ 38 ಮಿ.ಮೀ.’ ಎಂದು ಬರೆಯಿರಿ. ಆಗ ಮೂರು ಅಂಗಡಿಯ ಕೊಟೇಶನ್ ಹೋಲಿಸುವಾಗ ಮೂವರೂ ಒಂದೇ ಮಾಲಿಗೆ ದರ ಹೇಳಿರುತ್ತಾರೆ.

ದುಡ್ಡು ಬಿಗಿ ಇದ್ದಾಗ ನನ್ನ ಸಲಹೆ ಯಾವಾಗಲೂ ಒಂದೇ: ಹೆಸರಿಲ್ಲದ ಅಗ್ಗದ ಫುಲ್ ಬೋರಿಗಿಂತ ಒಳ್ಳೆಯ ತಯಾರಕರ ರೆಡ್ಯೂಸ್ಡ್ ಬೋರ್ ತೆಗೆದುಕೊಳ್ಳಿ. ಸೋರದ ಸೀಟ್, ಒತ್ತಡಕ್ಕೆ ಹೊರಗೆ ಹಾರದಂಥ ಸ್ಟೆಮ್ (ಹ್ಯಾಂಡಲನ್ನು ಬಾಲಿಗೆ ಜೋಡಿಸುವ ದಂಡ), ಒಳ್ಳೆಯ ಎರಕ, ಇವು ಬೋರಿಗಿಂತ ಮೊದಲು ಬರುತ್ತವೆ. ಪಂಪಿನ ಸಕ್ಷನ್, ರಿಲೀಫ್ ವಾಲ್ವಿನ ಕೆಳಗೆ, ಟ್ಯಾಂಕಿನ ತಳ, ಗಸಿ ಬರುವ ಲೈನ್, ಈ ನಾಲ್ಕು ಕಡೆ ಮಾತ್ರ ಒಳ್ಳೆಯ ತಯಾರಕರ ಫುಲ್ ಬೋರಿಗೇ ದುಡ್ಡು ಎತ್ತಿಡಿ.

ಮಾಲು ಬಂದ ದಿನ ಸ್ಟೋರಿನಲ್ಲಿ ಪ್ರತಿ ವಾಲ್ವನ್ನೂ ತೆರೆದು ವರ್ನಿಯರ್ ಹಿಡಿದು ಬೋರ್ ಅಳೆಯಿರಿ, ಅಂಕಿಯನ್ನು ಪೇಂಟ್ ಮಾರ್ಕರಿನಲ್ಲಿ ಬಾಡಿಯ ಮೇಲೆ ಬರೆಯಿರಿ. ಎರಡೂ ಬಗೆ ಬಳಸುವ ಕಾರ್ಖಾನೆಯಲ್ಲಿ ಹ್ಯಾಂಡಲಿಗೆ ಬೇರೆ ಬೇರೆ ಬಣ್ಣ ಬಳಿದಿಟ್ಟರೆ ಇನ್ನೂ ಒಳ್ಳೆಯದು, ಏಕೆಂದರೆ ರಾತ್ರಿ ಪಾಳಿಯಲ್ಲಿ ಸೋರುವ ವಾಲ್ವ್ ಬದಲಿಸಲು ಬರುವ ಫಿಟ್ಟರ್ ಸ್ಟೋರಿನಿಂದ ಕೈಗೆ ಸಿಕ್ಕ ಎರಡಿಂಚಿನ ವಾಲ್ವನ್ನೇ ಒಯ್ಯುತ್ತಾನೆ. ಫೀಡ್ ಪಂಪಿನ ಸಕ್ಷನ್ ಲೈನಿನ ಮೇಲೆ ‘ಫುಲ್ ಬೋರ್ ಮಾತ್ರ’ ಎಂದು ಒಂದು ತಗಡಿನ ಪಟ್ಟಿಯನ್ನೂ ಕಟ್ಟಿಬಿಡಿ.